ಗಲ್ಲಿ ಚೊಕ್ಕವಿಲ್ಲದೆ ಹೋಟೆಲ್ ಚೊಕ್ಕವಿರಲಾರದು



ನಮ್ಮ ಸಂಘದ ಪತ್ರಿಕೆಯಲ್ಲಿ ಸಾಮಾನ್ಯವಾಗಿ ತೆರಿಗೆ, ಲೈಸೆನ್ಸು, ಗ್ಯಾಸ್ ಸಿಲಿಂಡರಿನ ಬೆಲೆ, ಕೆಲಸಗಾರರ ಕೊರತೆ ಇಂಥ ವಿಷಯಗಳು ಬರುತ್ತವೆ. ಈ ಸಲ ಚರಂಡಿ, ಕಸ ಮತ್ತು ಕುಡಿಯುವ ನೀರಿನ ಬಗ್ಗೆ ಬರೆಯುತ್ತೇನೆಂದು ನಾನೇ ಕೇಳಿಕೊಂಡೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ ತನಕ ಮಾತ್ರ. ಹದಿನೇಳನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಹೈದರಾಬಾದಿಗೆ ಬಂದೆ. ಕ್ಲೀನರ್ ಆದೆ, ಸಪ್ಲಾಯರ್ ಆದೆ, ಆಮೇಲೆ ಗಲ್ಲಾದಲ್ಲಿ ಕೂತೆ. ಈಗ ಸ್ವಂತದ್ದೊಂದು ಸಣ್ಣ ಸಸ್ಯಾಹಾರಿ ಹೋಟೆಲ್ ಇದೆ. ಪುಸ್ತಕದ ಪಾಂಡಿತ್ಯ ನನ್ನಲ್ಲಿಲ್ಲ. ಕಂಡದ್ದು, ಕೇಳಿ ತಿಳಿದದ್ದು ಬರೆಯುತ್ತೇನೆ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಮ್ಯಾನ್‌ಹೋಲ್ ಉಕ್ಕಿದ ದಿನ

2011ರ ಮಳೆಗಾಲ. ನಮ್ಮ ಹೋಟೆಲಿನ ಎದುರಿನ ಮ್ಯಾನ್‌ಹೋಲ್ ಉಕ್ಕಿ ಹೊಲಸು ನೀರು ಮೆಟ್ಟಿಲ ತನಕ ಬಂತು. ಮಧ್ಯಾಹ್ನದ ಊಟದ ಹೊತ್ತು. ದಿನಾ ಬರುವ ಗಿರಾಕಿಗಳು ಮೂಗಿಗೆ ಕರವಸ್ತ್ರ ಹಿಡಿದು ವಾಪಸು ಹೋದರು. ಮಾಡಿದ ಅನ್ನ, ಸಾಂಬಾರು ಹಾಗೇ ಉಳಿಯಿತು. ಸಂಬಂಧಪಟ್ಟ ಕಚೇರಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ತೆರಿಗೆ ಕಟ್ಟುತ್ತೇನೆ, ನೀರಿನ ಬಿಲ್ಲು ಕಟ್ಟುತ್ತೇನೆ, ನಿಮಗೆ ನಾಚಿಕೆ ಇಲ್ಲವೇ ಎಂದೆಲ್ಲ ಕೇಳಿದೆ.

ಮೂರನೇ ದಿನ ಗಾಡಿ ಬಂತು. ಮೆಷಿನ್‌ನಿಂದ ನೀರು ಹೊಡೆದರೂ ಕಟ್ಟಿದ್ದು ಬಿಡಲಿಲ್ಲ. ಕೆಲಸಗಾರರು ಬಿದಿರಿನ ದಬ್ಬೆ ಹಾಕಿ ತಿವಿದರು. ಕೊನೆಗೆ ಒಬ್ಬ ಅಂಗಿ ಕಳಚಿ ಒಳಗೆ ಇಳಿಯಲು ತಯಾರಾದ. ಮೇಸ್ತ್ರಿ ಬೇಡವೆಂದು ತಡೆದು ಮತ್ತೆ ದಬ್ಬೆ ಹಾಕಿಸಿದ. ಬಹಳ ಹೊತ್ತಿನ ಮೇಲೆ ಒಳಗಿನಿಂದ ಬಿಳಿ ಸೋಪಿನ ಗಟ್ಟಿಯಂಥ ದೊಡ್ಡ ದೊಡ್ಡ ಮುದ್ದೆಗಳು ಬಂದವು. ಅದರೊಳಗೆ ಅನ್ನದ ಅಗುಳು, ಚಹಾಪುಡಿ, ಕರಿಬೇವಿನ ಎಲೆ ಅಂಟಿಕೊಂಡಿತ್ತು. ಆ ಕೆಲಸಗಾರ ನನ್ನ ಮುಖ ನೋಡಿ ತೆಲುಗಿನಲ್ಲಿ, "ಇದಿ ಮೀ ಹೋಟಲ್‌ದೇ ಸಾರ್" ಅಂದ. ಇದು ನಿಮ್ಮ ಹೋಟೆಲಿನದ್ದೇ ಎಂದರ್ಥ. ಅವನು ಸಿಟ್ಟಿನಿಂದ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಎರಡು ದಿನದಿಂದ ನಾನು ಬೈಯುತ್ತಿದ್ದದ್ದು ಯಾರನ್ನು? ನನ್ನ ಅಡುಗೆಮನೆಯ ಜಿಡ್ಡಿಗಾಗಿ ಒಬ್ಬ ಮನುಷ್ಯ ವಿಷಗಾಳಿ ತುಂಬಿದ ಗುಂಡಿಗೆ ಇಳಿಯುವವನಿದ್ದ. ಹಾಗೆ ಇಳಿದು ಸತ್ತವರು ನಮ್ಮ ದೇಶದಲ್ಲಿ ಎಷ್ಟೋ ಮಂದಿ ಇದ್ದಾರೆ. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಚರಂಡಿಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಹೈದರಾಬಾದಿನ ಜಲಮಂಡಳಿ 2017ರಲ್ಲಿ ಸಣ್ಣ ಗಲ್ಲಿಗಳಿಗೂ ಹೋಗಬಲ್ಲ 70 ಮಿನಿ ಜೆಟ್ಟಿಂಗ್ ಗಾಡಿಗಳನ್ನು ತಂದಿತು. ಬಹಳ ಒಳ್ಳೆಯ ಕೆಲಸ. ಆದರೆ ಎಷ್ಟು ಗಾಡಿ ಬಂದರೂ ನಾವು ಜಿಡ್ಡು ಬಿಡುತ್ತಲೇ ಇದ್ದರೆ ಚರಂಡಿ ಕಟ್ಟುತ್ತಲೇ ಇರುತ್ತದೆ.

ಜಿಡ್ಡು ಹೇಗೆ ಕಲ್ಲಾಗುತ್ತದೆ

ಬಿಸಿನೀರಿನಲ್ಲಿ ಪಾತ್ರೆ ತೊಳೆದಾಗ ಎಣ್ಣೆ, ತುಪ್ಪ, ಡಾಲ್ಡಾ ನೀರಾಗಿ ಹರಿದು ಹೋಗುತ್ತದೆ. ಮುಗಿಯಿತು ಎಂದು ನಾವು ತಿಳಿಯುತ್ತೇವೆ. ಆದರೆ ಹತ್ತಿಪ್ಪತ್ತು ಅಡಿ ಹೋಗುವಷ್ಟರಲ್ಲಿ ಅದು ತಣ್ಣಗಾಗಿ ಪೈಪಿನ ಗೋಡೆಗೆ ಅಂಟುತ್ತದೆ. ಅದರ ಮೇಲೆ ಅನ್ನ, ಹಿಟ್ಟು, ಚಹಾಪುಡಿ ಕೂರುತ್ತದೆ. ದಿನದಿಂದ ದಿನಕ್ಕೆ ಪೈಪಿನ ಬಾಯಿ ಕಿರಿದಾಗುತ್ತದೆ. ಮಳೆ ನೀರು ಸೇರಿದ ದಿನ ಉಕ್ಕುತ್ತದೆ.

ಇದಕ್ಕೆ ಉಪಾಯ ಗ್ರೀಸ್ ಟ್ರ್ಯಾಪ್. ನಮ್ಮಲ್ಲಿ ಅದನ್ನು ಜಿಡ್ಡಿನ ಚೇಂಬರ್ ಅನ್ನುತ್ತೇವೆ. ಮುಸುರೆ ತೊಳೆಯುವ ಜಾಗಕ್ಕೂ ಹೊರಗಿನ ಚರಂಡಿಗೂ ನಡುವೆ ಮೂರು ಕೋಣೆಗಳ ಒಂದು ತೊಟ್ಟಿ. ನೀರು ಅಲ್ಲಿ ನಿಧಾನವಾಗುತ್ತದೆ. ಜಿಡ್ಡು ಹಗುರ, ಮೇಲೆ ತೇಲುತ್ತದೆ. ಅಗುಳು ಭಾರ, ಕೆಳಗೆ ಕೂರುತ್ತದೆ. ನಡುವಿನ ನೀರು ಮಾತ್ರ ಬಾಗಿದ ಪೈಪಿನ ಮೂಲಕ ಮುಂದೆ ಹೋಗುತ್ತದೆ. ಅದಕ್ಕೂ ಮೊದಲು ತೊಳೆಯುವ ತೊಟ್ಟಿಯ ಬಾಯಿಗೆ ಒಂದು ಜಾಲರಿ ಬೇಕು. ಆ ವರ್ಷ ನನಗೆ ಹದಿನೆಂಟು ಸಾವಿರ ರೂಪಾಯಿ ಖರ್ಚಾಯಿತು. ಊಟದ ಹೊತ್ತಿಗೆ ಬಾಗಿಲು ಹಾಕಿ ಕಳೆದುಕೊಂಡ ವ್ಯಾಪಾರ ಅದಕ್ಕಿಂತ ಕಡಿಮೆಯೇನೂ ಅಲ್ಲ.

ಚೇಂಬರ್ ಕಟ್ಟಿಸಿ ಮರೆತರೆ ಪ್ರಯೋಜನವಿಲ್ಲ. ನಾನು ವಾರಕ್ಕೊಮ್ಮೆ, ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ತೆಗೆಸುತ್ತೇನೆ. ತೆಗೆದ ಜಿಡ್ಡನ್ನು ಕೆಲವರು ರಾತ್ರಿ ಎದುರಿನ ಮೋರಿಗೇ ಸುರಿಯುತ್ತಾರೆ. ಹಾಗೆ ಮಾಡುವುದಾದರೆ ಚೇಂಬರೇ ಬೇಡ.

ಕರಿದ ಎಣ್ಣೆಯ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ ಎಂಬ ಕೆಟ್ಟ ಅಂಶ ಶೇಕಡಾ 25 ದಾಟಿದರೆ ಆ ಎಣ್ಣೆ ಉಪಯೋಗಿಸಬಾರದೆಂದು 2018ರ ಜುಲೈ 1ರಿಂದ ಎಫ್‌ಎಸ್‌ಎಸ್‌ಎಐ ನಿಯಮ ಬಂತು. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಲೆಕ್ಕ ಇಡಬೇಕೆಂದು 2019ರಲ್ಲಿ ಹೇಳಿದರು. ಹಳೇ ಎಣ್ಣೆಯನ್ನು ಬಯೋಡೀಸೆಲ್ ಮಾಡುವವರು ಕೊಂಡುಕೊಳ್ಳುತ್ತಾರೆ. ಮೋರಿಗೆ ಸುರಿದರೆ ದುಡ್ಡೂ ಹೋಯಿತು, ಚರಂಡಿಯೂ ಕಟ್ಟಿತು.

ಈ ಊರು ಕಲಿತ ಪಾಠ

ನನ್ನ ಕಥೆ ಒಂದು ಗಲ್ಲಿಯದ್ದು. ಆದರೆ ಇಡೀ ಹೈದರಾಬಾದು ಇದೇ ಪಾಠವನ್ನು ನೂರು ವರ್ಷದಿಂದ ಕಲಿಯುತ್ತಾ ಬಂದಿದೆ. ಅದರಲ್ಲಿ ನಮ್ಮ ಕನ್ನಡಿಗರ ಪಾಲೂ ಇದೆ.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸುಮಾರು 15,000 ಜನ ಸತ್ತರೆಂದು ಹೇಳುತ್ತಾರೆ. ಮರುವರ್ಷ ನಿಜಾಮರ ಸರ್ಕಾರ ನಮ್ಮ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿತು. ನದಿಯ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ಪ್ರವಾಹ ತಡೆಯುವ ಯೋಜನೆ ಕೊಟ್ಟವರು ಅವರು. ನಗರಕ್ಕೆ ಒಳಚರಂಡಿ ಹೇಗಿರಬೇಕೆಂದೂ ಹೇಳಿದರು. ಆ ಯೋಜನೆಯಿಂದಲೇ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಆದವು. ಗಂಡಿಪೇಟ್ ನೀರು ಎಂದು ಹಳಬರು ಹೊಗಳುವುದು ಇದೇ ಉಸ್ಮಾನ್ ಸಾಗರದ ನೀರು. 1911ರಲ್ಲಿ ಪ್ಲೇಗ್ ಬಂದಾಗ, 1912ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಬೋರ್ಡ್ ಎಂಬ ಮಂಡಳಿ ಮಾಡಿದರು. ಇಕ್ಕಟ್ಟಾದ ಕೇರಿಗಳನ್ನು ತೆಗೆದು ರಸ್ತೆ ಅಗಲ ಮಾಡಿದರು.

ಇವೆಲ್ಲ ಸರ್ಕಾರ ಮೇಲಿನಿಂದ ಮಾಡಿದ ಕೆಲಸ. ಅಣೆಕಟ್ಟು, ದೊಡ್ಡ ಚರಂಡಿ, ರಸ್ತೆ ಇವನ್ನು ಸರ್ಕಾರವೇ ಮಾಡಬೇಕು. ಗಲ್ಲಿಯ ಜನ ಸೇರಿ ಜಲಾಶಯ ಕಟ್ಟಲಾಗುವುದಿಲ್ಲ. ಆದರೆ ಅಣೆಕಟ್ಟಿನಿಂದ ಬಂದ ನೀರು ಬಸ್ತಿಯ ಕೊನೇ ನಳದಲ್ಲಿ ಚೊಕ್ಕವಾಗಿ ಬರುತ್ತದೋ ಇಲ್ಲವೋ ಎಂದು ನೋಡುವವರು ಯಾರು? ಅದಕ್ಕೆ ಅಲ್ಲಿಯ ಜನರೇ ಬೇಕು.

ಈ ಮಾತನ್ನು ಹೈದರಾಬಾದ್ ನಗರಪಾಲಿಕೆ 1967ರಲ್ಲೇ ಅರ್ಥಮಾಡಿಕೊಂಡಿತ್ತು. ಆ ವರ್ಷ ಇಲ್ಲಿ ನಗರ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಕೇಂದ್ರ ಸರ್ಕಾರ ಬೇರೆ ನಗರಗಳಲ್ಲೂ ಇಂಥ ಯೋಜನೆ ಶುರುಮಾಡಿಸಿತ್ತು. ಬಹಳ ಕಡೆ ನಿಂತು ಹೋದರೂ ಹೈದರಾಬಾದಿನದ್ದು ಬೆಳೆದು ಹೆಸರು ಮಾಡಿತು. ಅದರ ಕ್ರಮ ಸರಳ. ಪಾಲಿಕೆಯ ಒಬ್ಬ ಕಾರ್ಯಕರ್ತ ಬಸ್ತಿಗೆ ಹೋಗಿ, ನಿಮಗೆ ಮೊದಲು ಏನು ಬೇಕು ಎಂದು ಕೇಳುವುದು. ಒಂದು ಕಡೆ ಬಾಲವಾಡಿ ಬೇಕೆಂದರು, ಇನ್ನೊಂದು ಕಡೆ ಹೊಲಿಗೆ ತರಗತಿ ಬೇಕೆಂದರು. ಕೇಳಿದ್ದರಿಂದಲೇ ಶುರುಮಾಡಿದರು. ಖರ್ಚಿನಲ್ಲಿ, ಕೆಲಸದಲ್ಲಿ ಬಸ್ತಿಯವರ ಪಾಲೂ ಇರಬೇಕು. ಜನರಿಗೆ ನಂಬಿಕೆ ಬಂದ ಮೇಲೆ ಮಕ್ಕಳಿಗೆ ಲಸಿಕೆ, ನಳ, ಶೌಚಾಲಯ, ಚರಂಡಿ, ಬ್ಯಾಂಕ್ ಸಾಲದಿಂದ ಮನೆ ಎಂದು ಕೆಲಸ ಬೆಳೆಯಿತು. ಮುಂದೆ ಯುನಿಸೆಫ್ ಮತ್ತು ಬ್ರಿಟಿಷ್ ಸರ್ಕಾರದ ನೆರವೂ ಬಂತು.

ಇದರಲ್ಲಿ ನಾವು ಹಿಡಿದುಕೊಳ್ಳಬೇಕಾದ ಮಾತು ಎರಡು. ಮೊದಲು ಕೇಳಬೇಕು. ಆಮೇಲೆ ನಮ್ಮ ಪಾಲು ನಾವು ಕೊಡಬೇಕು.

ನಮ್ಮ ಗಲ್ಲಿಯಲ್ಲಿ ನಡೆದದ್ದು

ಮ್ಯಾನ್‌ಹೋಲಿನ ಪ್ರಸಂಗ ಆದ ಮೇಲೆ ಅಕ್ಕಪಕ್ಕದವರನ್ನು ಸೇರಿಸಿದೆ. ನಮ್ಮದು ಸೇರಿ ಮೂರು ಹೋಟೆಲ್, ಒಂದು ಮೆಸ್, ಎರಡು ಅಪಾರ್ಟ್‌ಮೆಂಟ್, ಔಷಧಿ ಅಂಗಡಿ, ಹಣ್ಣಿನ ಬಂಡಿಯವರು. ಸಂಜೆ ನಾಲ್ಕು ಗಂಟೆ ನಮ್ಮಲ್ಲಿ ಗಿರಾಕಿ ಕಡಿಮೆ. ಹೋಟೆಲಿನ ಮಹಡಿಯಲ್ಲೇ ಕೂತೆವು, ಎಲ್ಲರಿಗೂ ಕಾಫಿ. ರೈಲ್ವೆಯಿಂದ ನಿವೃತ್ತರಾದ ಒಬ್ಬರು ಕಾರ್ಯದರ್ಶಿ ಆಗಲು ಒಪ್ಪಿದರು. ಅವರಿಗೆ ಕನ್ನಡ ಬಾರದು, ನಮಗೆ ಇಂಗ್ಲಿಷು ಬಾರದು. ತೆಲುಗು, ಉರ್ದು ಕಲಸಿ ಮಾತಾಡಿ ಕೆಲಸ ನಡೆಯಿತು.

ಮೊದಲು ಮಾಡಿದ್ದು ತಪ್ಪೇ. ಒಂದು ದೊಡ್ಡ ಮನವಿ ಬರೆಸಿ, ಹಾರ ಹಿಡಿದು, ಕಚೇರಿಗೆ ಹೋಗಿ ಫೋಟೋ ತೆಗೆಸಿಕೊಂಡು ಬಂದೆವು. ಏನೂ ಆಗಲಿಲ್ಲ. ಮನವಿಯಲ್ಲಿ "ನಮ್ಮ ಪ್ರದೇಶದ ಸಮಸ್ಯೆಗಳನ್ನು ಪರಿಹರಿಸಬೇಕು" ಎಂದಿತ್ತು. ಯಾವ ಸಮಸ್ಯೆ, ಯಾವ ಜಾಗ, ಎಷ್ಟು ಸಲ ಎಂದು ಇರಲಿಲ್ಲ. ಓದಿದವರಾದರೂ ಏನು ಮಾಡಬೇಕು?

ಆಮೇಲೆ 1967ರ ಕ್ರಮವನ್ನೇ ಹಿಡಿದೆವು. ಗಲ್ಲಿ ಗುಡಿಸುವ ಅಮ್ಮನನ್ನು ಕರೆದು, ಕುರ್ಚಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ನಿಮಗೆ ಏನು ತೊಂದರೆ ಎಂದು ಕೇಳಿದೆವು. ಅವರು ತೆಲುಗಿನಲ್ಲಿ ಹೇಳಿದ್ದು ಇಷ್ಟು: "ನಾನು ಆರು ಗಂಟೆಗೆ ಗುಡಿಸಿ ಮುಗಿಸ್ತೀನಿ. ನೀವು ಒಂಬತ್ತಕ್ಕೆ ಅಂಗಡಿ ತೆಗೆದು ಒಳಗಿನ ಕಸ ರಸ್ತೆಗೆ ತಳ್ತೀರಿ. ಹತ್ತಕ್ಕೆ ಸಾಹೇಬರು ಬಂದು ನನ್ನನ್ನೇ ಬೈತಾರೆ. ಕೆಲಸದ ನಡುವೆ ಒಂದಕ್ಕೆ ಹೋಗಲೂ ಜಾಗ ಇಲ್ಲ." ಇಷ್ಟು ವರ್ಷ ದಿನಾ ನೋಡುತ್ತಿದ್ದ ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ. ಅಂಗಡಿಯ ಕಸ ಬೀದಿಗೆ ತಳ್ಳುವುದಿಲ್ಲ, ಬುಟ್ಟಿಯಲ್ಲಿಟ್ಟು ಕೊಡುತ್ತೇವೆ ಎಂದು ಎಲ್ಲರೂ ಒಪ್ಪಿದೆವು. ನಮ್ಮ ಹೋಟೆಲಿನ ಶೌಚಾಲಯ, ಕುಡಿಯುವ ನೀರು ಅವರಿಗೆ ತೆರೆದಿಟ್ಟೆವು. ಎರಡೇ ವಾರದಲ್ಲಿ ಗಲ್ಲಿಯ ರೂಪ ಬದಲಾಯಿತು. ಖರ್ಚು ಏನೂ ಇಲ್ಲ.

ಎರಡನೆಯದಾಗಿ ಒಂದು ರಿಜಿಸ್ಟರ್ ಇಟ್ಟೆವು. ನಮ್ಮ ಗಲ್ಲಾದಲ್ಲೇ ಇರುತ್ತದೆ. ಮ್ಯಾನ್‌ಹೋಲ್ ಯಾವ ದಿನ, ಎಷ್ಟು ಹೊತ್ತಿಗೆ ಉಕ್ಕಿತು, ದೂರು ಕೊಟ್ಟ ನಂಬರ್ ಏನು, ಎಷ್ಟು ದಿನಕ್ಕೆ ಬಂದರು, ಒಳಗಿಂದ ಏನು ಸಿಕ್ಕಿತು ಎಂದು ಬರೆಯುವುದು. ಒಂದೊಂದಾಗಿ ಮೂರು ಹೋಟೆಲಿನವರೂ ಮೆಸ್ಸಿನವರೂ ಚೇಂಬರ್ ಕಟ್ಟಿಸಿದೆವು. ಮೆಸ್ಸಿನವರು ಒಪ್ಪಲು ಒಂದು ವರ್ಷ ಹಿಡಿಯಿತು. ಉಕ್ಕುವುದು ಬಹಳ ಕಡಿಮೆ ಆಯಿತು, ಆದರೆ ಪೂರ್ತಿ ನಿಲ್ಲಲಿಲ್ಲ. ಈಗ ರಿಜಿಸ್ಟರ್ ಕೆಲಸಕ್ಕೆ ಬಂತು. ಜಿಡ್ಡು ಸಿಗದಿದ್ದರೂ ಮಳೆ ಬಂದಾಗಲೆಲ್ಲ ಅದೇ ಮ್ಯಾನ್‌ಹೋಲ್ ಉಕ್ಕುತ್ತಿದೆ ಎಂದು ತಾರೀಖಿನ ಸಮೇತ ತೋರಿಸಿದೆವು. ಎಂಜಿನಿಯರ್ ಬಂದು ನೋಡಿ, ಪೈಪು ಹಳೆಯದು, ಈಗಿನ ಜನಕ್ಕೆ ಸಾಲದು ಎಂದು ಒಪ್ಪಿದರು. ಒಂಬತ್ತು ತಿಂಗಳ ನಂತರ ದೊಡ್ಡ ಪೈಪು ಬಂತು.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ನಮ್ಮ ತಪ್ಪು ಅದರೊಳಗೆ ಸೇರಿರುವ ತನಕ ಯಾವುದು ನಮ್ಮದು, ಯಾವುದು ಇಲಾಖೆಯದು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಅವರು ನಮ್ಮ ಮೇಲೆ ಹಾಕುತ್ತಾರೆ, ನಾವು ಅವರ ಮೇಲೆ ಹಾಕುತ್ತೇವೆ. ನಮ್ಮ ಪಾಲಿನದ್ದು ಸರಿಮಾಡಿದ ಮೇಲೆ ಉಳಿದದ್ದು ಯಾರ ಕೆಲಸವೆಂದು ತಾನಾಗಿ ಕಾಣುತ್ತದೆ. ಆಗ ಗಟ್ಟಿಯಾಗಿ ಕೇಳುವ ಹಕ್ಕೂ ಬರುತ್ತದೆ.

ಕುಡಿಯುವ ನೀರು

ಚರಂಡಿ ಉಕ್ಕಿದರೆ ಕಣ್ಣಿಗೆ ಕಾಣುತ್ತದೆ. ಅದೇ ಚರಂಡಿ ನೀರಿನ ಪೈಪಿಗೆ ಸೇರಿದರೆ ಕಾಣುವುದಿಲ್ಲ. 2009ರ ಮೇ ತಿಂಗಳಲ್ಲಿ ಮುಶೀರಾಬಾದ್ ಹತ್ತಿರದ ಭೋಲಕ್‌ಪುರದಲ್ಲಿ ಕಲುಷಿತವಾದ ನಳದ ನೀರು ಕುಡಿದು ಹಲವರು ಸತ್ತರು, ನೂರಾರು ಜನ ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದರು. ಹೈದರಾಬಾದಿನಲ್ಲಿದ್ದ ನಮ್ಮ ಹೋಟೆಲಿನವರಿಗೆಲ್ಲ ಆ ದಿನಗಳ ಭಯ ನೆನಪಿರಬಹುದು.

ಇದು ಆಗುವುದು ಹೀಗೆ. ನಮ್ಮ ಊರಿನ ಬಹಳ ಕಡೆ ನೀರು ದಿನವಿಡೀ ಬರುವುದಿಲ್ಲ. ದಿನ ಬಿಟ್ಟು ದಿನ, ಕೆಲವು ಗಂಟೆ ಬರುತ್ತದೆ. ನೀರು ಬರುತ್ತಿರುವಾಗ ಪೈಪಿನೊಳಗೆ ಒತ್ತಡ ಇರುತ್ತದೆ, ತೂತಿದ್ದರೆ ನೀರು ಹೊರಗೆ ಸೋರುತ್ತದೆ. ನೀರು ನಿಂತ ಮೇಲೆ ಪೈಪು ಖಾಲಿ. ಆಗ ಅದೇ ತೂತಿನಿಂದ ಹೊರಗಿನ ಹೊಲಸು ಒಳಗೆ ಎಳೆದುಕೊಳ್ಳುತ್ತದೆ. ನಳಕ್ಕೆ ನೇರವಾಗಿ ಮೋಟರ್ ಹಾಕಿ ಎಳೆದರೆ ಇನ್ನೂ ಜೋರಾಗಿ ಎಳೆಯುತ್ತದೆ. ನೀರಿನ ಪೈಪು, ಚರಂಡಿ ಪೈಪು ಒಂದೇ ಕಡೆ ಹೋಗುವ ಗಲ್ಲಿಯಲ್ಲಿ ಚರಂಡಿ ಕಟ್ಟಿ ನಿಂತರೆ ಅಪಾಯ ಇಮ್ಮಡಿ. ಜಿಡ್ಡಿಗೂ ವಾಂತಿ ಭೇದಿಗೂ ಸಂಬಂಧ ಇರುವುದು ಇಲ್ಲಿ.

ಮುನ್ನೂರು ಜನಕ್ಕೆ ನೀರು ಕೊಡುವ ಹೋಟೆಲಿನವರು ಇದನ್ನು ಬೇರೆಯವರಿಗಿಂತ ಮೊದಲು ಕಂಡುಹಿಡಿಯಬಹುದು. ನೀರು ಬಂದ ಮೊದಲ ಹತ್ತು ನಿಮಿಷ ಬಣ್ಣ, ವಾಸನೆ ನೋಡಿ, ಆಮೇಲೆ ಸಂಪಿಗೆ ಬಿಡಬೇಕು. ಕ್ಲೋರಿನ್ ಪರೀಕ್ಷೆಯ ಸಣ್ಣ ಕಿಟ್ ಸಿಗುತ್ತದೆ. ಹನಿ ಹಾಕಿದರೆ ನೀರು ಹಳದಿಯಾಗಬೇಕು. ನಳದ ಕೊನೆಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ನಿಯಮ. ದಿನಾ ಹಳದಿ ಬರುತ್ತಿದ್ದದ್ದು ಒಂದು ದಿನ ಬಾರದಿದ್ದರೆ ಸಂಶಯ ಪಡಬೇಕು. ಎಚ್‌ಟುಎಸ್ ಬಾಟಲಿ ಎಂದು ಇನ್ನೊಂದು ಬರುತ್ತದೆ. ನೀರು ತುಂಬಿಟ್ಟರೆ ಒಂದೆರಡು ದಿನದಲ್ಲಿ ಕಪ್ಪಾದರೆ ಮಲ ಸೇರಿದ ಸೂಚನೆ. ಪರೀಕ್ಷೆ ಮಾಡಿದ ನೀರನ್ನು ಚೆಲ್ಲಬೇಕು, ಕುಡಿಯಬಾರದು.

ಸಂಶಯ ಬಂದರೆ ನಾವು ಮಾಡುವುದು ಮೂರು ಕೆಲಸ. ಕುದಿಸದ ನೀರು ಯಾರಿಗೂ ಕೊಡುವುದಿಲ್ಲ. ಜಲಮಂಡಳಿಯ 155313ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದುಕೊಳ್ಳುತ್ತೇವೆ. ಗಲ್ಲಿಯ ಎಲ್ಲರಿಗೂ ಹೇಳುತ್ತೇವೆ. ಮೂರನೆಯದನ್ನು ಮಾಡಲು ಹೋಟೆಲಿನವರಿಗೆ ಹೆದರಿಕೆ. ನಮ್ಮ ಹೋಟೆಲಿನ ನೀರು ಕೆಟ್ಟಿದೆ ಎಂದು ಸುದ್ದಿಯಾದರೆ ವ್ಯಾಪಾರ ಹೋಗುತ್ತದೆ ಎಂದು ನನಗೂ ಅನಿಸಿತ್ತು. ಆದರೆ ಮುಚ್ಚಿಟ್ಟು ನಾಲ್ಕು ಜನ ಮಲಗಿದರೆ ಹೋಗುವುದು ವ್ಯಾಪಾರ ಮಾತ್ರವಲ್ಲ.

ಕಸ

1990ರ ದಶಕದಲ್ಲಿ ಹೈದರಾಬಾದ್ ಪಾಲಿಕೆ ಒಂದು ಯೋಜನೆ ಮಾಡಿತ್ತು. ಕಾಲೊನಿಯವರು ಸಂಘ ಮಾಡಿಕೊಂಡರೆ ಪಾಲಿಕೆ ಮೂರು ಗಾಲಿಯ ರಿಕ್ಷಾ ಕೊಡುವುದು, ಮನೆಗಿಷ್ಟು ಎಂದು ದುಡ್ಡು ಹಾಕಿ ಕಸ ಎತ್ತುವವನಿಗೆ ಸಂಬಳ ಸಂಘದವರು ಕೊಡುವುದು. 2015ರಲ್ಲಿ ಸ್ವಚ್ಛ ಆಟೋಗಳು ಬಂದವು. ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ ಎಂದು ಮನೆಗೆ ಎರಡರಂತೆ 44 ಲಕ್ಷ ಬುಟ್ಟಿ ಹಂಚುವ ಕಾರ್ಯಕ್ರಮವೂ ಆಯಿತು. ಬಹಳ ಮನೆಗಳಲ್ಲಿ ಆ ಬುಟ್ಟಿಯಲ್ಲಿ ಅಕ್ಕಿ ತುಂಬಿಟ್ಟರು. ಬುಟ್ಟಿ ಕೊಡುವುದು ಸುಲಭ, ದಿನಾ ಬೇರೆ ಮಾಡಿ ಹಾಕಿಸುವುದು ಕಷ್ಟ. ಯಾರಾದರೂ ಬಾಗಿಲಲ್ಲಿ ನಿಂತು ನೋಡುವ ಕಡೆ ಮಾತ್ರ ಇದು ನಡೆಯುತ್ತದೆ.

2016ರ ಕೇಂದ್ರ ನಿಯಮದಲ್ಲಿ ದಿನಕ್ಕೆ ಸರಾಸರಿ 100 ಕಿಲೋಗಿಂತ ಹೆಚ್ಚು ಕಸ ಮಾಡುವವರನ್ನು ಬಲ್ಕ್ ಕಸದವರು ಎಂದು ಬೇರೆ ಮಾಡಿದರು. ಹೋಟೆಲಿನವರು ಕಸ ವಿಂಗಡಿಸಲೇಬೇಕೆಂದೂ ಹೇಳಿದರು. ನಮ್ಮವರು ಇದನ್ನು ದಂಡದ ವಿಷಯವೆಂದು ಮಾತ್ರ ನೋಡಿದರು. ಆದರೆ ಹೋಟೆಲಿನ ಕಸದಲ್ಲಿ ಬಹುಪಾಲು ಹಸಿ: ತರಕಾರಿ ಸಿಪ್ಪೆ, ಬಾಳೆಲೆ, ಎಂಜಲು. ಪ್ಲಾಸ್ಟಿಕ್ ಕವರ್ ಸೇರದಿದ್ದರೆ ಅದು ಕಸವೇ ಅಲ್ಲ. ಹೈದರಾಬಾದಿನ ಬೋವೆನ್‌ಪಲ್ಲಿ ತರಕಾರಿ ಮಾರುಕಟ್ಟೆಯಲ್ಲಿ ದಿನಕ್ಕೆ ಸುಮಾರು 10 ಟನ್ ಕಸದಿಂದ ಸುಮಾರು 500 ಯೂನಿಟ್ ಕರೆಂಟು, 30 ಕಿಲೋ ಗ್ಯಾಸು ಮಾಡುವ ಘಟಕ ಕಟ್ಟಿದರು. ಆ ಗ್ಯಾಸು ಮಾರುಕಟ್ಟೆಯ ಕ್ಯಾಂಟೀನಿಗೇ ಹೋಗುತ್ತಿತ್ತು. ತಂತ್ರಜ್ಞಾನ ನಮ್ಮ ತಾರ್ನಾಕದ ಐಐಸಿಟಿ ಸಂಸ್ಥೆಯದು. 2021ರ ಜನವರಿಯಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ಇದನ್ನು ಹೊಗಳಿದರು.

ನಮ್ಮ ಊರ ಕಡೆಯೂ ಉದಾಹರಣೆ ಇದೆ. ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ನಾಗರಿಕರ ಒಕ್ಕೂಟದವರು ಪಾಲಿಕೆಯ ಜೊತೆ ಸೇರಿ ಕಸ ವಿಂಗಡಿಸುವ ಘಟಕ ನಡೆಸಿದರು. ಹಸಿ ಕಸದಿಂದ ಗೊಬ್ಬರ, ಒಣ ಕಸ ಮಾರಾಟ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ದೇಶಕ್ಕೇ ಮೊದಲು ಬಂದಾಗ ಇಂಥವರ ಪಾಲೂ ಅದರಲ್ಲಿತ್ತು. ನಮ್ಮ ಕುಂದಾಪುರದ ಕಡೆಯ ವಂಡ್ಸೆ ಪಂಚಾಯತಿಯಲ್ಲಿ ಹೆಂಗಸರು ಮನೆ, ಅಂಗಡಿಗಳಿಂದ ಬೇರೆ ಬೇರೆ ಮಾಡಿದ ಕಸ ಪಡೆದು ಘಟಕ ನಡೆಸಿ ಹೆಸರು ಮಾಡಿದರು. ಹಳ್ಳಿಯವರಿಗೆ ಆದದ್ದು ನಮಗೆ ಯಾಕೆ ಆಗಬಾರದು?

ಸೊಳ್ಳೆಯ ಮಾತು

ಮಲೇರಿಯಾದ ರೋಗಾಣು ಸೊಳ್ಳೆಯೊಳಗೆ ಬೆಳೆಯುತ್ತದೆಂದು ರೊನಾಲ್ಡ್ ರಾಸ್ ಕಂಡುಹಿಡಿದದ್ದು ನಮ್ಮ ಸಿಕಂದರಾಬಾದಿನಲ್ಲೇ, 1897ರ ಆಗಸ್ಟ್ 20ರಂದು. ಇಂದಿನ ಡೆಂಗಿ ಸೊಳ್ಳೆ ಹೊಲಸು ಚರಂಡಿಯದಲ್ಲ. ಮುಚ್ಚದ ಡ್ರಮ್ಮು, ಕೂಲರ್, ಮಹಡಿಯ ಹಳೇ ಪಾತ್ರೆಯಲ್ಲಿ ನಿಂತ ಚೊಕ್ಕ ನೀರಿನಲ್ಲಿ ಹುಟ್ಟುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಎಂಟು ಹತ್ತು ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ಎಲ್ಲ ನೀರು ಚೆಲ್ಲಿ ಒಣಗಿಸಿದರೆ ಸಾಕು. ತೆಲಂಗಾಣದಲ್ಲಿ 2020ರಲ್ಲಿ "ಪ್ರತಿ ಭಾನುವಾರ ಹತ್ತು ಗಂಟೆಗೆ ಹತ್ತು ನಿಮಿಷ" ಎಂದು ಕಾರ್ಯಕ್ರಮ ಮಾಡಿದ್ದು ಇದಕ್ಕೇ. ಆದರೆ ಒಬ್ಬರು ಮಾಡಿ ಪಕ್ಕದವರು ಬಿಟ್ಟರೆ ಫಲವಿಲ್ಲ. ಸೊಳ್ಳೆಗೆ ಕಾಂಪೌಂಡ್ ಗೋಡೆ ಗೊತ್ತಿಲ್ಲ.

ಶುರು ಮಾಡುವವರಿಗೆ

ನಮ್ಮ ಅನುಭವದಿಂದ ಕೆಲವು ಮಾತು ಹೇಳುತ್ತೇನೆ.

ಒಂದು, ಹತ್ತು ಹದಿನೈದು ಅಂಗಡಿ ಮನೆಗಳ ಒಂದೇ ಗಲ್ಲಿಯಿಂದ ಶುರುಮಾಡಿ. ಇಡೀ ವಾರ್ಡ್ ಹಿಡಿಯಲು ಹೋದರೆ ಭಾಷಣದಲ್ಲೇ ಮುಗಿಯುತ್ತದೆ.

ಎರಡು, ನಿಮ್ಮ ಹೋಟೆಲಿನ ಜಾಲರಿ, ಚೇಂಬರ್, ಕಸದ ಬುಟ್ಟಿ ಮೊದಲು ಸರಿಮಾಡಿ, ಆಮೇಲೆ ಸಭೆ ಕರೆಯಿರಿ. ಇಲ್ಲದಿದ್ದರೆ ಮೊದಲ ಪ್ರಶ್ನೆ ನಿಮಗೇ ಬರುತ್ತದೆ.

ಮೂರು, ಗುಡಿಸುವವರನ್ನು, ಚರಂಡಿ ಕೆಲಸದವರನ್ನು, ಲೈನ್‌ಮನ್‌ನನ್ನು ಸಭೆಗೆ ಕರೆಯಿರಿ. ಗಲ್ಲಿಯ ನೆಲದ ಕೆಳಗೆ ಏನಿದೆ ಎಂದು ಗೊತ್ತಿರುವುದು ಅವರಿಗೆ.

ನಾಲ್ಕು, ರಿಜಿಸ್ಟರ್ ಇಡಿ. ಬಾಯಿಮಾತಿನ ದೂರು ಅಲ್ಲೇ ಮರೆತುಹೋಗುತ್ತದೆ. ತಾರೀಖು, ಸಮಯ, ದೂರಿನ ನಂಬರ್ ಇದ್ದರೆ ಯಾವ ಅಧಿಕಾರಿಯೂ ಕೇಳುತ್ತಾರೆ.

ಐದು, ಕೈಬಿಸಿ ಮಾಡಿ ಕೆಲಸ ಮಾಡಿಸಿಕೊಳ್ಳಬೇಡಿ. ಇದನ್ನು ನಾನು ಸಾಧುವಾಗಿ ಹೇಳುತ್ತಿಲ್ಲ, ಹಿಂದೆ ನಾನೂ ಮಾಡಿದ್ದೇನೆ. ಹಾಗೆ ಮಾಡಿದರೆ ನಮ್ಮ ಬಾಗಿಲು ಮಾತ್ರ ಚೊಕ್ಕವಾಗುತ್ತದೆ, ಪಕ್ಕದ ಬಸ್ತಿಯ ಸರದಿ ತಪ್ಪುತ್ತದೆ. ಆ ಬಸ್ತಿಯಿಂದಲೇ ನಮ್ಮ ಕೆಲಸದ ಹುಡುಗರು, ಮುಸುರೆಯ ಅಮ್ಮಂದಿರು ಬರುವುದು.

ಇನ್ನೊಂದು ಎಚ್ಚರಿಕೆಯ ಮಾತು. ಜನರ ಸಹಭಾಗಿತ್ವ ಎಂದರೆ ಸರ್ಕಾರದ ಕೆಲಸ ಜನರ ತಲೆಗೆ ಕಟ್ಟುವುದಲ್ಲ. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಬಂದು ಲಕ್ಷಾಂತರ ಜನ ಊರು ಬಿಟ್ಟು ಓಡಿದರು. ಮರುವರ್ಷ ಎಸ್.ಆರ್. ರಾವ್ ಕಮಿಷನರ್ ಆಗಿ ಬಂದ ಮೇಲೆ ಅಧಿಕಾರಿಗಳು ದಿನಾ ಬೀದಿಗೆ ಇಳಿದರು. ಚೊಕ್ಕಟವಿಲ್ಲದ ಹೋಟೆಲು, ತಿಂಡಿ ಅಂಗಡಿಗಳ ಮೇಲೂ ಕ್ರಮ ಆಯಿತು. ಒಂದೆರಡು ವರ್ಷದಲ್ಲೇ ಆ ಊರು ದೇಶದ ಚೊಕ್ಕ ಊರುಗಳ ಪಟ್ಟಿಗೆ ಬಂತು. ಅಧಿಕಾರಿಗಳು ತಮ್ಮ ಕೆಲಸ ಮಾಡಿದ್ದರಿಂದ ಜನರೂ ಜೊತೆಗೆ ಬಂದರು. ಪೈಪು ಬದಲಿಸುವುದು, ನೀರಿಗೆ ಕ್ಲೋರಿನ್ ಹಾಕುವುದು, ಗುಡಿಸುವವರಿಗೆ ಸರಿಯಾದ ಸಂಬಳ, ಗ್ಲೌಸು ಕೊಡುವುದು ಇವೆಲ್ಲ ನಾವು ಕಟ್ಟುವ ತೆರಿಗೆಯ ಕೆಲಸ. ಅದನ್ನು ಕೇಳುತ್ತಲೇ ಇರಬೇಕು. ಮೂರು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರದಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನದ 74ನೇ ತಿದ್ದುಪಡಿಯಲ್ಲೇ ಇದೆ. ಕೇಳುವ ಜಾಗ ಅದು.

ನಮ್ಮ ಗಲ್ಲಿ ಸ್ವರ್ಗವಾಗಿಲ್ಲ. ಒಂದು ಅಪಾರ್ಟ್‌ಮೆಂಟಿನವರು ನಡುವೆ ಬಿಟ್ಟುಹೋದರು. ಕೊರೋನಾದ 2020ರಲ್ಲಿ ಸಭೆ ನಿಂತು, ಮತ್ತೆ ಶುರುಮಾಡಲು ಬಹಳ ದಿನ ಹಿಡಿಯಿತು. ಹೊಸ ಹುಡುಗರು ಕೆಲಸಕ್ಕೆ ಬಂದಾಗಲೆಲ್ಲ ಜಾಲರಿ ತೆಗೆದು ಅನ್ನ ಚೆಲ್ಲುತ್ತಾರೆ, ಮತ್ತೆ ಹೇಳಿಕೊಡಬೇಕು. ಆದರೆ ನಾವು ಪರವೂರಿನಿಂದ ಬಂದು ಈ ಊರಿನ ನೀರು ಕುಡಿದು, ಈ ಊರಿನವರಿಗೆ ಇಡ್ಲಿ ಬಡಿಸಿ ಬದುಕು ಕಟ್ಟಿಕೊಂಡವರು. ಇಲ್ಲಿಯ ಚರಂಡಿ ನಮ್ಮದಲ್ಲ ಎನ್ನಲು ನಮಗೆ ಬಾಯಿಲ್ಲ.

ಸದಸ್ಯರಲ್ಲಿ ಯಾರಿಗಾದರೂ ಜಿಡ್ಡಿನ ಚೇಂಬರ್ ಹೇಗಿರುತ್ತದೆಂದು ನೋಡಬೇಕಿದ್ದರೆ ಸಂಘದ ಕಚೇರಿಯಲ್ಲಿ ವಿಚಾರಿಸಿ ನಮ್ಮಲ್ಲಿಗೆ ಬನ್ನಿ. ಸಂಜೆ ನಾಲ್ಕರ ನಂತರ ಬಂದರೆ ಅನುಕೂಲ. ಮುಚ್ಚಳ ತೆಗೆಸಿ ತೋರಿಸುತ್ತೇನೆ. ಕಾಫಿ ಕುಡಿದ ಮೇಲೆ ನೋಡಿದರೆ ಒಳ್ಳೆಯದು, ನೋಡಿದ ಮೇಲೆ ಕುಡಿಯುವುದು ಸ್ವಲ್ಪ ಕಷ್ಟ.